ಹೆಣ್ಣುಕುದುರೆಯ ಗರ್ಭಕೋಶ: ‘ಸೋಂಕು’ ಮತ್ತು ‘ಉರಿಯೂತ’ ಒಂದೇ ಅಲ್ಲ, ಪದಗಳನ್ನು ಹೇಗೆ ಬೇರ್ಪಡಿಸುವುದು?

ಮಾನ್ಯರೇ,

ಹೆಣ್ಣುಕುದುರೆಗಳ ಆರೈಕೆಯನ್ನು ಕುರಿತ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಗರ್ಭಕೋಶದ ಒಳಪೊರೆಗೆ ಬರುವ ಎಂಡೋಮೆಟ್ರೈಟಿಸ್ ಎಂಬ ಕಾಯಿಲೆಯ ಅಧ್ಯಾಯಕ್ಕೆ ಬಂದಾಗ ಕೆಲಸ ನಿಂತಿದೆ. ಇದನ್ನು ‘ಗರ್ಭಕೋಶದ ಸೋಂಕು’ ಎಂದೂ ‘ಗರ್ಭಕೋಶದ ಉರಿಯೂತ’ ಎಂದೂ ಒಂದೇ ಅರ್ಥದಲ್ಲಿ ಬರೆಯುವ ರೂಢಿಯುಂಟು. ಕುದುರೆಯ ವಿಷಯದಲ್ಲಿ ಈ ರೂಢಿ ಅಪಾಯಕರವೆಂದು ನನಗೆ ತೋರುತ್ತದೆ.

ಬೀಜದ ಕುದುರೆಯೊಡನೆ ಕೂಡಿದ ಮೇಲೆ, ವೀರ್ಯಾಣುಗಳಿಗೆ ಪ್ರತಿಕ್ರಿಯೆಯಾಗಿ ಹೆಣ್ಣುಕುದುರೆಯ ಗರ್ಭಕೋಶಕ್ಕೆ ಬಿಳಿ ರಕ್ತಕಣಗಳು ನುಗ್ಗಿ ಬರುತ್ತವೆ. ಇದು ಉರಿಯೂತವೇ ಹೌದು, ಆದರೆ ಸೋಂಕಲ್ಲ. ಆರೋಗ್ಯವಾಗಿರುವ ಕುದುರೆಯಲ್ಲಿ ಒಂದೆರಡು ದಿನಗಳೊಳಗೆ ತಾನಾಗಿಯೇ ಇಳಿಯುತ್ತದೆ. ವಯಸ್ಸಾಗಿ, ಹಲವು ಸಲ ಈದು, ಗರ್ಭಕೋಶ ಜೋತುಬಿದ್ದಿರುವ ಕುದುರೆಯಲ್ಲಿ ಮಾತ್ರ ದ್ರವವು ಹೊರಹೋಗದೆ ಒಳಗೇ ನಿಲ್ಲುತ್ತದೆ, ಅದರಲ್ಲಿ ಸ್ಟ್ರೆಪ್ಟೊಕಾಕಸ್, ಇ. ಕೋಲೈ ಮೊದಲಾದ ಬ್ಯಾಕ್ಟೀರಿಯಾಗಳು ನೆಲೆಯೂರಿದರೆ ಆಗ ಅದು ಸೋಂಕು. ನಿಂತ ದ್ರವಕ್ಕೆ, ಗರ್ಭಕೋಶವನ್ನು ಹಿಂಡಿ ಅದನ್ನು ಹೊರಹಾಕಿಸುವ ಆಕ್ಸಿಟೋಸಿನ್ ಹಾರ್ಮೋನಿನ ಚುಚ್ಚುಮದ್ದು ಮತ್ತು ಗರ್ಭಕೋಶ ತೊಳೆಯುವುದು ಮುಖ್ಯ. ಸೋಂಕಿಗೆ ಇವುಗಳ ಜೊತೆಗೆ, ಮಾದರಿ ತೆಗೆದು ಪರೀಕ್ಷಿಸಿ ಆರಿಸಿದ ಆಂಟಿಬಯಾಟಿಕ್ ಬೇಕು. ಎರಡನ್ನೂ ‘ಸೋಂಕು’ ಎಂದು ಬರೆದರೆ, ಓದಿದವರು ಬೇಡದ ಕಡೆಯೂ ಆಂಟಿಬಯಾಟಿಕ್ ಹಾಕಿಸುತ್ತಾರೆ. ಅದನ್ನು ಮತ್ತೆ ಮತ್ತೆ ಗರ್ಭಕೋಶಕ್ಕೆ ಹಾಕಿದರೆ ಶಿಲೀಂಧ್ರ ಬೆಳೆಯಲು ದಾರಿಯಾಗುತ್ತದೆ.

‘ಉರಿಯೂತ’ದಲ್ಲಿಯೂ ತೊಡಕಿದೆ. ಉರಿ, ಊತ ಎರಡೂ ಕಣ್ಣಿಗೆ ಕಾಣಬೇಕೆಂಬ ನಿರೀಕ್ಷೆಯನ್ನು ಆ ಪದ ಹುಟ್ಟಿಸುತ್ತದೆ, ಆದರೆ ಇಂತಹ ಕುದುರೆಗೆ ಜ್ವರವೂ ಇಲ್ಲದೆ, ಗಬ್ಬ ನಿಲ್ಲದಿರುವುದೊಂದೇ ಸುಳಿವಾಗಿರಬಹುದು. ಆಯುರ್ವೇದದ ‘ಶೋಥ’ಕ್ಕೂ ಊತವೆಂಬುದೇ ಮೂಲಾರ್ಥವಾದ್ದರಿಂದ ಅದು ಪರಿಹಾರವಲ್ಲ. ಹಾಗಾಗಿ ‘ಒಳಪೊರೆಯ ಉರಿಯೂತ’ವನ್ನೇ ಉಳಿಸಿಕೊಂಡು ಮೊದಲ ಬಳಕೆಯಲ್ಲಿ ವಿವರಿಸುವುದು ಸರಿಯೆಂದು ನನ್ನ ಅಭಿಪ್ರಾಯ.

ಇನ್ನು, ‘ಸೋಂಕು’ ಕ್ರಿಯಾಪದವಾದಾಗ ‘ತಾಗು’ ಎಂಬ ಅರ್ಥವನ್ನು ಕೊಡುತ್ತದೆ. 1977ರಲ್ಲಿ ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಗುರುತಿಸಲಾದ, ಕೂಡುವಿಕೆಯಿಂದ ಕುದುರೆಯಿಂದ ಕುದುರೆಗೆ ದಾಟುವ ಟೇಲರೆಲ್ಲಾ ಬ್ಯಾಕ್ಟೀರಿಯಾದ ಕಾಯಿಲೆಗೆ ಈ ಮಾತು ಎಷ್ಟು ಚೆನ್ನಾಗಿ ಒಪ್ಪುತ್ತದೆ! ಕುದುರೆಯ ಸ್ವಂತ ಚರ್ಮ, ಲದ್ದಿಗಳಿಂದಲೇ ಒಳಸೇರಿದ ಬ್ಯಾಕ್ಟೀರಿಯಾಕ್ಕೂ ಅದನ್ನೇ ಹೇಳಬಹುದೇ?

ತೊಳೆಯುವ ಕ್ರಮಕ್ಕೆ ‘ಪ್ರಕ್ಷಾಲನ’ ನನಗೆ ಬೇಡವೆನಿಸಿದೆ. ಬೆಚ್ಚಗಿನ, ಕ್ರಿಮಿಶುದ್ಧ ಲವಣದ್ರಾವಣವನ್ನು ಒಂದೆರಡು ಲೀಟರಿನಂತೆ ಒಳಬಿಟ್ಟು, ಹೊರಬರುವ ನೀರು ತಿಳಿಯಾಗುವವರೆಗೆ ಮಾಡುವ ಕೆಲಸಕ್ಕೆ ‘ತೊಳೆಯುವುದು’ ಸಾಕಲ್ಲವೇ?

ಕುಣಿಗಲ್ಲಿನ ಕುದುರೆ ಫಾರಂನಲ್ಲಿ ದುಡಿದವರ ಮಾತನ್ನು ಬಲ್ಲವರು, ಗಬ್ಬ ನಿಲ್ಲದೆ ತಿರುಗಿ ಬೆದೆಗೆ ಬರುವ ಕುದುರೆಗೆ, ಒಳಗೆ ನಿಂತ ದ್ರವಕ್ಕೆ ಅಲ್ಲಿ ಏನೆನ್ನುತ್ತಾರೆಂದು ದಯವಿಟ್ಟು ತಿಳಿಸಬೇಕು. ಅಂತಹ ಪದ ಸಿಕ್ಕರೆ ಕೈಪಿಡಿಯಲ್ಲಿ ಅದನ್ನೇ ಮೊದಲು ಬಳಸುತ್ತೇನೆ.