ಸಹಾಯ ಬೇಕು: ಹಳೆಯ ಲ್ಯಾಪ್‌ಟಾಪ್‌ಗೆ ಇಂಟರ್ನೆಟ್ ಸಿಗುತ್ತಿಲ್ಲ (ಪೆರ್ಲ, ಕಾಸರಗೋಡು)

ಬಲ್ಲವರು ದಯವಿಟ್ಟು ದಾರಿ ತೋರಿಸಿ. ಮಾವನವರ ಲ್ಯಾಪ್‌ಟಾಪ್‌ನಲ್ಲಿರುವುದು ವಿಂಡೋಸ್ 7, ರ‍್ಯಾಮ್ 2 ಜಿಬಿ. ಅವರು ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಟ್ಟ ತಾಳಮದ್ದಳೆಯ ಟಿಪ್ಪಣಿಗಳೆಲ್ಲ ಅದರಲ್ಲಿವೆ. ಹೊಸದು ಕೊಳ್ಳೋಣವೆಂದರೆ ಕೇಳುವವರಲ್ಲ, ಆದ್ದರಿಂದ ಆ ಸಲಹೆ ಬೇಡ.

ಮನೆಗೆ ಹೊಸ ಫೈಬರ್ ಮೋಡೆಮ್ ಬಂದಂದಿನಿಂದ ವೈಫೈ ಹೆಸರು ಕಾಣಿಸುತ್ತದೆ, ಪಾಸ್‌ವರ್ಡ್ ಸರಿಯಿದ್ದರೂ ಸಂಪರ್ಕ ಸಿಗುವುದಿಲ್ಲ. ಮೋಡೆಮ್ ಡಬ್ಲ್ಯುಪಿಎ3 ಎಂಬ ಹೊಸ ವೈಫೈ ಭದ್ರತಾ ವಿಧಾನದಲ್ಲಿದೆ; ವಿಂಡೋಸ್ 7 ಅದನ್ನು ಅರಿಯದು. ಹಳೆಯ ಡಬ್ಲ್ಯುಪಿಎ2ಕ್ಕೆ ಬದಲಿಸಲು ಮೋಡೆಮ್‌ನ ಅಡ್ಮಿನ್ ಪಾಸ್‌ವರ್ಡ್ ಬೇಕು. ಸಂಪರ್ಕ ಕೊಟ್ಟವರದು ದಿನವೂ ‘ನಾಳೆ ಬರುತ್ತೇವೆ’ ಎಂಬ ಒಂದೇ ರಾಗ.

ಮೊಬೈಲನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿದರೆ ಇಂಟರ್ನೆಟ್ ಬರುತ್ತದೆ. ಆದರೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಹೆಚ್ಚಿನ ತಾಣಗಳಲ್ಲಿ ಪ್ರಮಾಣಪತ್ರದ (ತಾಣ ಅಸಲಿಯೆಂದು ತೋರಿಸುವ ಗುರುತು) ದೋಷ ತೋರಿಸುತ್ತದೆ. ಗಡಿಯಾರ, ದಿನಾಂಕ ಸರಿಯಾಗಿಯೇ ಇವೆ. ವಿಂಡೋಸ್ 7ಕ್ಕೆ ಕ್ರೋಮ್ 109ನೇ ಆವೃತ್ತಿಯಲ್ಲೇ ನಿಂತುಹೋಗಿದೆ. ಫೈರ್‌ಫಾಕ್ಸ್ 115 ಇಎಸ್‌ಆರ್ (ದೀರ್ಘಕಾಲ ಬೆಂಬಲವಿರುವ ಆವೃತ್ತಿ) ತನ್ನದೇ ಪ್ರಮಾಣಪತ್ರಗಳನ್ನು ಇಟ್ಟುಕೊಂಡಿರುವುದರಿಂದ, ಪೆನ್‌ಡ್ರೈವ್‌ನಲ್ಲಿ ತಂದು ಹಾಕಿದರೆ ಸಾಕೇ?

ಅಥವಾ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ ಎಂಬ ಹಗುರ ಕಾರ್ಯಾಚರಣೆ ವ್ಯವಸ್ಥೆ ಹಾಕುವುದೇ ವಾಸಿಯೇ? ವೈಫೈ ಚಿಪ್ ಬ್ರಾಡ್‌ಕಾಮ್ 4312. ಅದರ ಡ್ರೈವರನ್ನು ಮೊಬೈಲ್ ಕೇಬಲ್ ಮೂಲಕವೇ ಇಳಿಸಿಕೊಳ್ಳಬಹುದೇ? ನುಡಿಯ ಹಳೆಯ ಕಡತಗಳು ಅಲ್ಲಿ ತೆರೆಯುತ್ತವೆಯೇ? ಇದೇ ನನ್ನ ದೊಡ್ಡ ಚಿಂತೆ.

ಬದಿಯಡ್ಕ, ಕುಂಬಳೆ ಕಡೆ ಇದನ್ನು ಮಾಡಿಕೊಡುವವರಿದ್ದರೆ ತಿಳಿಸಿ, ಲ್ಯಾಪ್‌ಟಾಪನ್ನು ನಾನೇ ತಂದುಕೊಡುತ್ತೇನೆ.