ಅಪ್‌ಡೇಟ್: ಸಾಗರದ ನನ್ನ ಕಚೇರಿಗೆ ಫ್ರೀಲಾನ್ಸ್ ವಕೀಲರು

ನಾನೊಬ್ಬನೇ ನಡೆಸುವ ಸಣ್ಣ ವಕೀಲಿ ಕಚೇರಿಗೆ ಕೋರ್ಟಿನ ಕಾಗದಪತ್ರಗಳ ಕರಡು ತಯಾರಿಸಲು ಫ್ರೀಲಾನ್ಸ್ ವಕೀಲರನ್ನು ತೆಗೆದುಕೊಳ್ಳಬಹುದೇ ಎಂದು ಮಳೆಗಾಲದ ಆರಂಭದಲ್ಲಿ ಇಲ್ಲಿ ಕೇಳಿದ್ದೆ. ನಿಮ್ಮ ಸಲಹೆಯಂತೆ ಇಬ್ಬರಿಗೆ ಕೆಲಸ ಕೊಟ್ಟೆ.

ಬೆಂಗಳೂರಿನವರು ಒಂದು ವಿಭಾಗ ದಾವೆಗೆ (ಆಸ್ತಿ ಪಾಲಿನ ಮೊಕದ್ದಮೆಗೆ) ತಕರಾರು, ಅಂದರೆ ಪ್ರತಿವಾದಿಯ ಲಿಖಿತ ಉತ್ತರ, ಸಿದ್ಧಪಡಿಸಿದರು. ಭಾಷೆ ಚೊಕ್ಕಟವಾಗಿತ್ತು, ಆದರೆ ಅಡಕೆ ತೋಟಕ್ಕೆ ಹೊಂದಿದ ಸೊಪ್ಪಿನಬೆಟ್ಟವನ್ನು (ತೋಟಕ್ಕೆ ಸೊಪ್ಪು ತರಲು ಬಿಟ್ಟ ಸರ್ಕಾರಿ ಜಾಗ) ಕಕ್ಷಿದಾರರ ಸ್ವಂತ ಜಮೀನೆಂದು ಬರೆದಿದ್ದರು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮು ಅದನ್ನು ಸವಲತ್ತಾಗಿ ಮಾತ್ರ ಕಾಣುತ್ತದೆ, ಮಾಲೀಕತ್ವವಾಗಿ ಅಲ್ಲ. ಪಹಣಿಯನ್ನಷ್ಟೇ ಕಳುಹಿಸಿ, ಈ ವಿವರವನ್ನು ಹೇಳದೆ ಬಿಟ್ಟದ್ದು ನನ್ನದೇ ತಪ್ಪು. ತಕರಾರಿಗೆ ಇರುವ 30 ದಿನಗಳಲ್ಲಿ ನಾಲ್ಕು ಉಳಿದಿದ್ದವು; ಕರೆಂಟಿಲ್ಲದ ರಾತ್ರಿ ಮೊಬೈಲ್ ಬೆಳಕಿನಲ್ಲಿ ಕುಳಿತು ನಾನೇ ತಿದ್ದಿದೆ.

ತೀರ್ಥಹಳ್ಳಿಯವರಿಗೆ ಇಂಥದ್ದನ್ನು ವಿವರಿಸಬೇಕಾಗಲಿಲ್ಲ. ಅವರನ್ನೇ ಮುಂದುವರಿಸಿದ್ದೇನೆ. ತಿಂಗಳ ಸಂಬಳದ ಬದಲು ಕರಡಿಗಿಷ್ಟು ಎಂದು ಮೊದಲೇ ಮಾತಾಗಿದೆ. ಕಡತ ಕೊಡುವ ಮುನ್ನ ಎದುರು ಪಕ್ಷದ ಹೆಸರು ತಿಳಿಸಿ, ಅವರ ಪರವಾಗಿ ಹಿಂದೆ ಕೆಲಸ ಮಾಡಿದ್ದಾರೆಯೇ ಎಂದು ಕೇಳಿಕೊಳ್ಳುತ್ತೇನೆ. ಊರು ಸಣ್ಣದು, ಎಲ್ಲರೂ ಎಲ್ಲರಿಗೂ ಬೇಕಾದವರು. ವಕಾಲತ್ತಿಗೆ ಸಹಿ ಹಾಕುವವನು ಮಾತ್ರ ನಾನೊಬ್ಬನೇ. ಹೊರಗಿನವರು ಕಡತ ನೋಡುವುದಕ್ಕೆ ಕಕ್ಷಿದಾರರ ಒಪ್ಪಿಗೆಯನ್ನು ಈಗ ಬರಹದಲ್ಲಿಯೇ ಪಡೆಯುತ್ತಿದ್ದೇನೆ. ಈವರೆಗೆ ಒಬ್ಬ ಹಿರಿಯರು ಮಾತ್ರ ಒಪ್ಪಲಿಲ್ಲ, ಅವರ ಕಡತ ನನ್ನ ಮೇಜಿನ ಮೇಲೆಯೇ ಇದೆ.