ಅಪ್‌ಡೇಟ್: ದಕ್ಷಿಣ ಅಮೆರಿಕ ಪ್ರವಾಸಕ್ಕೆ ವಿಮಾನ ಹೊಂದಿಸಿದ್ದು ಹೀಗೆ

ಲಿಮಾ, ಕುಸ್ಕೋ, ಊಯುನಿ ಉಪ್ಪಿನ ಬಯಲು, ಪೆಟಗೋನಿಯಾ, ಇಗ್ವಾಸು ಜಲಪಾತ, ಇಷ್ಟನ್ನೂ 24 ದಿನದಲ್ಲಿ ನೋಡೋಕೆ ವಿಮಾನ ಹೇಗೆ ಹೊಂದಿಸೋದು ಅಂತ ಹತ್ತು ದಿನದ ಹಿಂದೆ ಕೇಳಿದ್ದೆ. ನಿನ್ನೆ ರಾತ್ರಿ ಎಲ್ಲಾ ಟಿಕೆಟ್ ಬುಕ್ ಆಯ್ತು. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ.

ಕೈಹಿಡಿದದ್ದು "ಇಳಿದ ಊರಿಂದಲೇ ವಾಪಸ್ ಹೊರಡಬೇಡಿ" ಅಂದವರ ಸಲಹೆ. ಪೆರುವಿನ ಲಿಮಾದಲ್ಲಿ ಇಳಿದು, ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಿಂದ ಹೊರಡ್ತೀವಿ. ಎರಡು ಬಿಡಿ ಟಿಕೆಟ್ ಅಲ್ಲ, 'ಮಲ್ಟಿ ಸಿಟಿ' ಆಯ್ಕೆಯಲ್ಲಿ ಒಂದೇ ಬುಕಿಂಗ್. ಲಿಮಾಕ್ಕೆ ಹಿಂದಿರುಗೋ ಒಂದಿಡೀ ದಿನ ಉಳೀತು.

ಬ್ಯೂನಸ್ ಐರಿಸ್‌ನಿಂದ ಪೆಟಗೋನಿಯಾದ ಎಲ್ ಕಲಾಫಾತೆಗೆ ಬಸ್ಸಲ್ಲಿ ಹೋಗಿ ಅನ್ನೋ ಸಲಹೆ ನಮಗೆ ಹೊಂದಲಿಲ್ಲ. ಸುಮಾರು 2,700 ಕಿ.ಮೀ. ದಾರಿ! ವಿಮಾನದಲ್ಲಾದರೆ ಮೂರು ಗಂಟೆ ಚಿಲ್ಲರೆ.

ನಾನು ಯೋಚಿಸಿಯೇ ಇರದಿದ್ದದ್ದು ಎತ್ತರದ ವಿಷಯ. ತುಂಬಾ ಎತ್ತರದ ಊರಿಗೆ ಒಮ್ಮೆಲೇ ಹೋದರೆ ತಲೆನೋವು, ವಾಕರಿಕೆ ಬರಬಹುದು, ಮೈ ನಿಧಾನವಾಗಿ ಒಗ್ಗಬೇಕು. ನಕ್ಷೆ ಹರಡಿಕೊಂಡು ಪ್ರತಿ ಊರಿನ ಪಕ್ಕ ಪೆನ್ಸಿಲ್‌ನಲ್ಲಿ ಎತ್ತರ ಬರೆದೆ. ಲಿಮಾ ಸಮುದ್ರದ ದಡ, ಕುಸ್ಕೋ 3,400 ಮೀಟರ್, ಊಯುನಿ 3,650ರ ಆಸುಪಾಸು, ಬೊಲಿವಿಯಾದ ಲಾ ಪಾಸ್ ವಿಮಾನ ನಿಲ್ದಾಣ 4,000 ದಾಟಿದೆ. ಬರೆದ ಮೇಲೆ ಕ್ರಮವೇ ಬದಲಾಯ್ತು. ಕುಸ್ಕೋದಲ್ಲಿ ಇಳಿದ ದಿನವೇ ಕೆಳಗೆ 2,800 ಮೀಟರಿನ ಒಯಂತಾಯ್ತಾಂಬೊಗೆ ಹೋಗಿ ಎರಡು ರಾತ್ರಿ ಇರ್ತೀವಿ. ಮಾಚು ಪಿಚು ಕಡೆಗೆ ರೈಲೂ ಅಲ್ಲಿಂದಲೇ ಸಿಗುತ್ತೆ. ಊಯುನಿ, ಲಾ ಪಾಸ್ ಆಮೇಲೆ.

ಇನ್ನೊಂದು: ಬ್ಯೂನಸ್ ಐರಿಸ್‌ಗೆ ಎರಡು ವಿಮಾನ ನಿಲ್ದಾಣ. ದೂರದ ಅಂತರರಾಷ್ಟ್ರೀಯ ವಿಮಾನಗಳಿಗೆ ಎಜೆಯ್ಸಾ, ದೇಶದೊಳಗಿನವು ಹೆಚ್ಚಾಗಿ ಊರೊಳಗಿನ ಏರೋಪಾರ್ಕೆಯಿಂದ. ಇಗ್ವಾಸುವಿನಿಂದ ಬಂದು ಎರಡೇ ಗಂಟೆಯಲ್ಲಿ ವಾಪಸ್ ವಿಮಾನ ಹಿಡಿಯೋ ಲೆಕ್ಕ ಹಾಕಿದ್ದೆ. ಆದ್ರೆ ಒಂದು ನಿಲ್ದಾಣದಲ್ಲಿ ಇಳಿದು ಇನ್ನೊಂದಕ್ಕೆ ಹೋಗಬೇಕಲ್ಲ, ಈಗ ನಡುವೆ ಒಂದು ರಾತ್ರಿ ಇಟ್ಟಿದ್ದೀನಿ. ಬುಕ್ ಮಾಡೋವಾಗ ಊರಿನ ಹೆಸರಷ್ಟೇ ಅಲ್ಲ, ನಿಲ್ದಾಣದ ಹೆಸರನ್ನೂ ದಯವಿಟ್ಟು ಓದಿ.